ಫೋನ್ ನಿಮ್ಮ ಕೈಯಲ್ಲೇ ಇರಲಿ

ಪ್ರಶ್ನೆ: ನನಗೆ 58 ವರ್ಷ. ಯಜಮಾನರು ಎರಡು ವರ್ಷ ಹಾಸಿಗೆ ಹಿಡಿದಿದ್ದು ಕಳೆದ ವರ್ಷ ತೀರಿಕೊಂಡರು. ಬ್ಯಾಂಕು, ಬಿಲ್ಲು, ಕಾಗದಪತ್ರ ಎಲ್ಲ ಕೊನೆವರೆಗೂ ಅವರೇ ನೋಡಿಕೊಂಡರು. ಇನ್ಸುಲಿನ್ ಕೊಡುವುದು, ಮಗ್ಗುಲು ಬದಲಿಸುವುದು ಮಾತ್ರ ನನ್ನ ಕೆಲಸವಾಗಿತ್ತು. ಈಗ ಫೋನಿನಲ್ಲಿ ಹಣ ಕಳಿಸುವುದನ್ನು ಕಲಿಯೋಣವೆಂದರೆ ಇವತ್ತು ಹೇಳಿಸಿಕೊಂಡದ್ದು ನಾಳೆಗೆ ಮರೆತಿರುತ್ತದೆ. ಮಗ ‘ಬಿಡಮ್ಮ, ನಿನಗ್ಯಾಕೆ ತಲೆನೋವು, ನಾನೇ ಮಾಡ್ತೀನಿ’ ಅಂತ ಫೋನ್ ಇಸಿದುಕೊಳ್ಳುತ್ತಾನೆ. ಅವನು ಒಳ್ಳೆಯವನೇ. ಆದರೂ ರಾತ್ರಿ ಅಳು ಬರುತ್ತದೆ. ಈ ವಯಸ್ಸಿನಲ್ಲಿ ನನಗೆ ಈ ಹಟ ಬೇಕೇ?

ಉತ್ತರ: ‘ಮಾತ್ರ ನನ್ನ ಕೆಲಸ’ ಎಂದಿದ್ದೀರಿ. ಆ ‘ಮಾತ್ರ’ ದಾಟಿ ಮುಂದಕ್ಕೆ ಓದಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಇನ್ಸುಲಿನ್ ಕೊಡುವಾಗ ಯೂನಿಟ್ ಲೆಕ್ಕ ತಪ್ಪುವಂತಿಲ್ಲ, ಚುಚ್ಚಿದ ಜಾಗಕ್ಕೇ ಮತ್ತೆ ಮತ್ತೆ ಚುಚ್ಚುವಂತಿಲ್ಲ. ಊಟದ ಹೊತ್ತು ನೋಡಬೇಕು. ಸಕ್ಕರೆ ಅಂಶ ಇಳಿದು ಬೆವರಲು, ನಡುಗಲು ಶುರುವಾದರೆ ಗುರುತು ಹಿಡಿಯಬೇಕು. ಇದನ್ನೆಲ್ಲ ನೀವು ಐವತ್ತು ದಾಟಿದ ಮೇಲೆ ಕಲಿತಿರಿ! ನರ್ಸ್ ಒಂದೆರಡು ಸಲ ತೋರಿಸಿರಬಹುದು, ಆಮೇಲೆ ಸಿರಿಂಜು ನಿಮ್ಮ ಕೈಗೆ ಬಂದಿರಬಹುದು. ಕೈ ನಡುಗಿದರೂ ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಫೋನಿನ ವಿಷಯದಲ್ಲಿ ಆಗುತ್ತಿರುವುದು ಅದರ ಉಲ್ಟಾ.

ಇನ್ನು ಮರೆವು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ ತಮ್ಮ ಮರೆವನ್ನೇ ಅಳೆದವರು. ಒಂದು ದಿನ ಕಳೆಯುವಷ್ಟರಲ್ಲಿ ಕಲಿತದ್ದರ ಸುಮಾರು ಮೂರನೇ ಎರಡು ಪಾಲು ಜಾರಿಹೋಗುತ್ತಿತ್ತು. 1885ರಲ್ಲಿ ಆ ಲೆಕ್ಕ ಪ್ರಕಟಿಸಿದಾಗ ಅವರಿಗಿನ್ನೂ 35 ವರ್ಷ. ವಯಸ್ಸಾದಂತೆ ಹೊಸದನ್ನು ಹಿಡಿಯುವ ವೇಗ ತಗ್ಗುವುದು ನಿಜ, ಸುಳ್ಳು ಸಮಾಧಾನ ಹೇಳಲಾರೆ. ದುಃಖವೂ ಗಮನವನ್ನು ತಿನ್ನುತ್ತದೆ. ಆದರೆ ಮರುದಿನಕ್ಕೆ ಮರೆಯುವುದು ಮುಪ್ಪಿನ ಗುರುತಲ್ಲ. (ದಿನವೂ ಓಡಾಡುವ ದಾರಿಯೇ ತಪ್ಪತೊಡಗಿದರೆ ಮಾತ್ರ ವೈದ್ಯರಿಗೆ ತೋರಿಸಿ.)

ಹೀಗೆ ಮಾಡಿ ನೋಡಿ. ಹಂತಗಳನ್ನು ನಿಮ್ಮದೇ ಮಾತಿನಲ್ಲಿ ಬರೆದಿಡಿ, ಮಗ ಬರೆದುಕೊಟ್ಟದ್ದು ಬೇಡ. ಮರುದಿನ ಆ ಪುಸ್ತಕ ಮುಚ್ಚಿಟ್ಟು ಪ್ರಯತ್ನಿಸಿ, ಪೂರ್ತಿ ಸಿಕ್ಕಿಹಾಕಿಕೊಂಡಾಗಷ್ಟೇ ತೆರೆಯಿರಿ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರಿಗಿಂತ ನೋಡದೆ ನೆನಪಿಸಿಕೊಂಡವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ಮೂರು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ ಮಾಡಿ. ತೀರ ಚಿಕ್ಕ ಮೊತ್ತವನ್ನು ಮಗನಿಗೇ ಕಳಿಸಿ, ಹೋಯಿತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಬ್ಯಾಂಕಿನವರು ಎಂದು ಹೇಳಿಕೊಂಡು ಯಾರೇ ಕೇಳಿದರೂ ಪಿನ್, ಒಟಿಪಿ ಹೇಳಬೇಡಿ.

ಮಗನ ಮೇಲೆ ಸಿಟ್ಟು ಬೇಡ. ಅಮ್ಮ ತಡಬಡಿಸುವುದನ್ನು ಸುಮ್ಮನೆ ನೋಡುತ್ತ ಕೂರುವುದು ಅವನಿಗೂ ಕಷ್ಟ, ಅದನ್ನು ಅವನೂ ಕಲಿಯಬೇಕು. ಮುಂದಿನ ಸಲ ಅವನು ಕೈ ಚಾಚಿದಾಗ, ‘ಪಕ್ಕದಲ್ಲಿ ಕೂತ್ಕೋ ಮಗ, ಕೈ ಮಾತ್ರ ಹಿಂದಕ್ಕೆ ಕಟ್ಕೋ’ ಅನ್ನಿ.