ಅಜ್ಜನ ಹಾಡಿನ ಪ್ಲೇಟುಗಳಿಗೆ ಬೂಷ್ಟು

ಪ್ರಶ್ನೆ: ತೀರಿಕೊಂಡ ಅಜ್ಜನ ಹಾಡಿನ ಪ್ಲೇಟುಗಳು ಅಟ್ಟದಲ್ಲಿ ಸಿಕ್ಕಿವೆ. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದಿದೆ. ತೊಳೆಯಬಹುದೆ? ಯಾವುದರಿಂದ ಕೇಳಲು ಶುರುಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಜಾತಿ ನೋಡಿ. ದಪ್ಪಗೆ, ಭಾರವಾಗಿ, ಬಿದ್ದರೆ ಒಡೆಯುವಂಥದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟು. ತುಸು ಬಾಗುವುದು ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಹಾಡುವ ಪ್ಲಾಸ್ಟಿಕ್ ಪ್ಲೇಟು. ಅರಗಿನದಕ್ಕೆ ಸ್ಪಿರಿಟ್, ಸ್ಯಾನಿಟೈಸರ್ ಸೋಕಿಸಲೇಬೇಡಿ, ಅರಗು ಕರಗಿ ಗೆರೆಯೇ ಹೋದೀತು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ಮೆತ್ತನೆ ಬ್ರಷ್‌ನಿಂದ ಬೂಷ್ಟು ಝಾಡಿಸಿ. ಅರ್ಧ ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಬಟ್ಟೆ ಅದ್ದಿ ಹಿಂಡಿ, ಗೆರೆಯ ಗುಂಟ ಸುತ್ತ ಒರೆಸಿ, ಲೇಬಲ್ ನೆನೆಯಬಾರದು. ಬರೀ ನೀರಲ್ಲಿ ಇನ್ನೊಮ್ಮೆ ಒರೆಸಿ, ನೆರಳಲ್ಲಿ ನೆಟ್ಟಗೆ ನಿಲ್ಲಿಸಿ. ಬೇಗ ಒಣಗಲೆಂದು ಬಚ್ಚಲೊಲೆ ಪಕ್ಕ ಇಟ್ಟರೆ ಸೊಟ್ಟಗಾಗುತ್ತದೆ.

ಪ್ಲೇಟು ನುಡಿಸುವ ಯಂತ್ರದ ಎಲ್‌ಪಿ ಮುಳ್ಳು (ಸೂಜಿ) 78ರ ಅಗಲ ಗೆರೆಯ ತಳ ಉಜ್ಜಿ ಬರೀ ಕರಕರ ಕೇಳಿಸುತ್ತದೆ. ಬೇರೆ ಮುಳ್ಳು ಬೇಕು. ಕೀಲಿ ಕೊಡುವ ಗ್ರಾಮಫೋನ್ ಪೆಟ್ಟಿಗೆಯಾದರೆ ಪ್ಲೇಟಿನ ಒಂದೊಂದು ಮಗ್ಗುಲಿಗೂ ಒಂದು ಹೊಸ ಉಕ್ಕಿನ ಮುಳ್ಳು. ಆ ಪೆಟ್ಟಿಗೆಯ ಮೇಲೆ ಎಲ್‌ಪಿ ಇಟ್ಟಿರೋ, ಎಲ್‌ಪಿ ಕೆಟ್ಟಿತು.

ಇನ್ನು ಕೇಳುವುದು. 78ರ ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಗೆರೆ ಸವೆದು ಬೂದುಬಣ್ಣಕ್ಕೆ ತಿರುಗಿದ್ದು ಅಜ್ಜ ಹೆಚ್ಚು ಕೇಳಿದ್ದಿರಬೇಕು. ಅದರ ಲೇಬಲ್ಲಿನಲ್ಲಿ ರಾಗದ ಹೆಸರಿದ್ದರೆ ಬರೆದುಕೊಳ್ಳಿ. ಮೂರು ನಿಮಿಷಕ್ಕೆ ಹಿಂಡಿದ ಆ ರಾಗವನ್ನೇ ಎಲ್‌ಪಿಯ ಇಪ್ಪತ್ತು ನಿಮಿಷದ ಮಗ್ಗುಲಲ್ಲಿ ಹುಡುಕಿ ಕೇಳಿ.