ಗುಂಪಿಗೆ ಮೇಲ್ ಕಳಿಸುವಾಗ ಸಬ್ಜೆಕ್ಟ್ ಸಾಲು ಹೇಗಿರಬೇಕು?

ಅಪಾರ್ಟ್‌ಮೆಂಟಿನ ಮೇಲ್ ಗುಂಪಿಗೆ ‘ಒಂದು ಸಣ್ಣ ವಿಚಾರ’ ಅಂತ ಸಬ್ಜೆಕ್ಟ್ ಹಾಕಿ ಲಿಫ್ಟಿನ ಬಾಗಿಲ ಬಗ್ಗೆ ಬರೆದಿರಿ. ಯಾರೂ ಉತ್ತರ ಕೊಡಲಿಲ್ಲ. ಒಬ್ಬರು ಮಾತ್ರ ‘ಮೊದಲು ಸಬ್ಜೆಕ್ಟ್ ಸರಿಯಾಗಿ ಬರೆಯಿರಿ’ ಅಂದರು. ಇದರಲ್ಲಿ ನಿಮ್ಮ ತಪ್ಪೇನು ಅಂತ ಕೇಳಿದ್ದೀರಿ. ಅವರು ಇನ್ನೂ ಸ್ವಲ್ಪ ಮೆತ್ತಗೆ ಹೇಳಬಹುದಿತ್ತು. ಆದರೆ ಹೇಳಿದ ಮಾತು ಸರಿ.

ನಾನು ಕೆಲವು ವರ್ಷ ನಮ್ಮ ವಸತಿ ಸಂಘದ ಮೇಲ್ ಗುಂಪನ್ನು ನೋಡಿಕೊಂಡಿದ್ದೇನೆ. ಅಲ್ಲಿ ಕಲಿತದ್ದು ಒಂದೇ: ಸಬ್ಜೆಕ್ಟ್ ಬರೆಯುವುದು ಮೇಲ್ ತೆರೆದು ಓದುವವರಿಗಿಂತ ಜಾಸ್ತಿ, ತೆರೆಯದೇ ಮುಂದೆ ಹೋಗುವವರಿಗಾಗಿ. ನೂರು ಮನೆಯಿದ್ದರೆ ಲಿಫ್ಟ್ ಬೇಕಾದವರು ಮೇಲಿನ ಮಹಡಿಯವರು. ಕೆಳಗಿನ ಮನೆಯವರು ಆ ಒಂದು ಸಾಲು ನೋಡಿ ‘ಇದು ನಮಗಲ್ಲ’ ಅಂತ ನೆಮ್ಮದಿಯಾಗಿ ಬಿಡುವಂತಿರಬೇಕು. ‘ಒಂದು ಸಣ್ಣ ವಿಚಾರ’ ಅಂದರೆ ನೂರು ಮನೆಯವರೂ ತೆರೆದು ನೋಡಬೇಕು, ಇಲ್ಲವೇ ನೂರು ಮನೆಯವರೂ ಬಿಡಬೇಕು. ಆಗುವುದು ಎರಡನೆಯದೇ.

ಇದು ನಮಗೆ ಹೊಸದೇನಲ್ಲ. ಶಾಲೆಯಲ್ಲಿ ರಜಾ ಅರ್ಜಿ ಬರೆದದ್ದು ನೆನಪಿದೆಯಲ್ವಾ? ‘ಮಾನ್ಯರೇ’ ಆದ ಮೇಲೆ ನಡುವೆ ‘ವಿಷಯ: ಎರಡು ದಿನ ರಜೆ ಕೋರಿ’ ಅಂತ ಬರೆದು ಅಡಿಗೆರೆ ಎಳೆಯುತ್ತಿದ್ದೆವು. ಸರ್ಕಾರಿ ಪತ್ರದಲ್ಲಿ ಅದರ ಕೆಳಗೆ ‘ಉಲ್ಲೇಖ’ ಅಂತ ಹಳೆಯ ಪತ್ರದ ಸಂಖ್ಯೆ, ದಿನಾಂಕ ಇರುತ್ತದೆ. ಮೇಲ್‌ನಲ್ಲೂ ಈ ಎರಡೂ ಇವೆ. ವಿಷಯ ನಮ್ಮ ಕಣ್ಣಿಗೆ ಕಾಣುತ್ತದೆ. ಉಲ್ಲೇಖ ಒಳಗೆ ಅಡಗಿರುತ್ತದೆ. ನೀವು ರಿಪ್ಲೈ ಒತ್ತಿದ ತಕ್ಷಣ ಹಳೆಯ ಮೇಲ್‌ನ ಗುರುತು ತಾನಾಗಿ ಅದರೊಳಗೆ ಸೇರುತ್ತದೆ.

ನಮ್ಮಲ್ಲಿ ಎಡವಟ್ಟಾಗಿದ್ದು ಇಲ್ಲೇ. ಒಂದು ವರ್ಷ ಯಾರೋ ‘ದೀಪಾವಳಿ ಶುಭಾಶಯಗಳು’ ಅಂತ ಕಳಿಸಿದರು. ಮೂವತ್ತು ಜನ ‘ನಿಮಗೂ’ ಅಂದರು. ಮೂರು ದಿನ ಬಿಟ್ಟು ಇನ್ನೊಬ್ಬರು ಎಲ್ಲರ ವಿಳಾಸ ಸುಲಭವಾಗಿ ಸಿಗುತ್ತದೆ ಅಂತ ಅದೇ ಮೇಲ್‌ಗೆ ರಿಪ್ಲೈ ಒತ್ತಿ, ‘ನಾಳೆ ಬೆಳಿಗ್ಗೆ ಸಂಪ್ ತೊಳೆಯುತ್ತಾರೆ, ಸಂಜೆವರೆಗೆ ನೀರಿಲ್ಲ’ ಅಂತ ಬರೆದರು. ಸಬ್ಜೆಕ್ಟ್ ದೀಪಾವಳಿಯದ್ದೇ ಉಳಿಯಿತು. ಬೆಳಿಗ್ಗೆ ಏಳಕ್ಕೆ ನಮ್ಮ ಎದುರು ಮನೆಯ ಅಜ್ಜಿ ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಮಗನಿಗೆ ಮೇಲ್ ತಲುಪಿತ್ತು. ಮೂವತ್ತೊಂದನೆಯ ಶುಭಾಶಯ ಅಂದುಕೊಂಡು ತೆರೆದಿರಲಿಲ್ಲ.

ಹಾಗಾಗಿ ಹೊಸ ವಿಷಯಕ್ಕೆ ಹೊಸ ಮೇಲ್. ಹಳೆಯದಕ್ಕೆ ರಿಪ್ಲೈ ಒತ್ತಿ ಸಬ್ಜೆಕ್ಟ್ ಮಾತ್ರ ಅಳಿಸಿ ಬರೆದರೆ ಸಾಲದೇ ಅಂತ ಕೇಳಬಹುದು. ಜಿಮೇಲ್‌ನಲ್ಲಿ ಸಬ್ಜೆಕ್ಟ್ ಬದಲಾದರೆ ಅದು ಬೇರೆ ಸಂಭಾಷಣೆಯಾಗಿ ಒಡೆಯುತ್ತದೆ, ಸರಿ. ಆದರೆ ಒಳಗಿನ ಉಲ್ಲೇಖ ನೋಡಿ ಜೋಡಿಸುವ ತಂತ್ರಾಂಶಗಳೂ ಇವೆ. ಅಲ್ಲಿ ನಿಮ್ಮ ನೀರಿನ ಸುದ್ದಿ ದೀಪಾವಳಿಯ ಕೆಳಗೇ ಹೋಗಿ ಕೂರುತ್ತದೆ. ಮಾತು ನಿಜವಾಗಿಯೂ ಹಳೆಯದರಿಂದಲೇ ಹೊರಳಿದ್ದರೆ ಬೇರೆ. ಆಗ ‘ಪಾರ್ಕಿಂಗ್ ಶುಲ್ಕ (ಹಿಂದಿನದು: ವಾರ್ಷಿಕ ಸಭೆ)’ ಅಂತ ಎರಡನ್ನೂ ಬರೆಯುವ ಹಳೆಯ ರೂಢಿ ಇದೆ. ಚೆನ್ನಾಗಿ ನಡೆಯುತ್ತದೆ.

ರಿಪ್ಲೈ ಒತ್ತಿದಾಗ ಸಬ್ಜೆಕ್ಟಿನ ಮುಂದೆ ಬರುವ ‘ರೀ:’ (Re:) ಅನ್ನೋದನ್ನು ಜಾಸ್ತಿ ಜನ ‘ರಿಪ್ಲೈ’ಯ ಚಿಕ್ಕ ರೂಪ ಅಂದುಕೊಂಡಿದ್ದಾರೆ. ಮೇಲ್ ಹೇಗಿರಬೇಕು ಅಂತ ಹೇಳುವ 2008ರ ಮಾನಕ, ಆರ್‌ಎಫ್‌ಸಿ (RFC) 5322, ಅದು ಲ್ಯಾಟಿನ್‌ನ ‘ಇನ್ ರೆ’ಯಿಂದ ಬಂದದ್ದು ಅನ್ನುತ್ತದೆ. ಅಂದರೆ ‘ಈ ವಿಷಯಕ್ಕೆ ಸಂಬಂಧಿಸಿದಂತೆ’. ನಮ್ಮ ‘ಕುರಿತು’ ಇದ್ದ ಹಾಗೆ. ಒಂದೇ ಸಲ ಇದ್ದರೆ ಸಾಕು ಅಂತಲೂ ಅದರಲ್ಲೇ ಇದೆ. ನಾಲ್ಕು ‘ರೀ:’ ಸೇರಿಕೊಂಡಿದ್ದರೆ ಮೂರನ್ನು ಅಳಿಸಿ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಮುಖ್ಯ ವಿಷಯ ಗಮನಿಸಬೇಕು. ನಮ್ಮ ವಾಕ್ಯದಲ್ಲಿ ‘ಇಲ್ಲ’ ಬರುವುದು ಕೊನೆಯಲ್ಲಿ. ಫೋನಿನಲ್ಲಿ ಸಬ್ಜೆಕ್ಟಿನ ಮೊದಲ ನಾಲ್ಕೈದು ಪದ ಕಂಡರೆ ಹೆಚ್ಚು. ‘ಭಾನುವಾರ ಬೆಳಿಗ್ಗೆ 10ಕ್ಕೆ ಕರೆದಿದ್ದ ಸಭೆ ಇರುವುದಿಲ್ಲ’ ಅಂತ ಬರೆದರೆ ಕಾಣುವುದು ‘ಭಾನುವಾರ ಬೆಳಿಗ್ಗೆ 10ಕ್ಕೆ ಕರೆದಿದ್ದ...’ ಅಷ್ಟೇ. ಜನ ಬಂದೇ ಬಿಡುತ್ತಾರೆ! ‘ಸಭೆ ರದ್ದು: ಭಾನುವಾರ 10 ಗಂಟೆ’ ಅಂತ ತಿರುಗಿಸಿ. ‘ಎಲ್ಲ ನಿವಾಸಿಗಳ ಗಮನಕ್ಕೆ ತರುವುದೇನೆಂದರೆ’ ಅನ್ನೋದು ಒಳಗಿರಲಿ, ಸಬ್ಜೆಕ್ಟಿನಲ್ಲಿ ಬೇಡ.

ಕನ್ನಡ ಬೇಡ ಅಂತ ನಾನು ಹೇಳುತ್ತಿಲ್ಲ. ಮೊದಮೊದಲು ಮೇಲ್‌ನ ತಲೆಸಾಲುಗಳಲ್ಲಿ, ಅಂದರೆ ಸಬ್ಜೆಕ್ಟ್, ಕಳಿಸಿದವರ ಹೆಸರು ಇರುವ ಸಾಲುಗಳಲ್ಲಿ, ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆಯದಕ್ಕೆ ಜಾಗವೇ ಇರಲಿಲ್ಲ. 1992ರಲ್ಲಿ ಆರ್‌ಎಫ್‌ಸಿ 1342 ಅನ್ನೋ ಇನ್ನೊಂದು ದಾಖಲೆ ಬೇರೆ ಲಿಪಿಗಳನ್ನು ಸಂಕೇತವಾಗಿ ಕಳಿಸುವ ದಾರಿ ಮಾಡಿತು. ಈಗಿನ ಫೋನುಗಳಲ್ಲಿ ಕನ್ನಡ ಸಬ್ಜೆಕ್ಟ್ ಸಲೀಸಾಗಿ ಕಾಣುತ್ತದೆ, ಧೈರ್ಯವಾಗಿ ಬರೆಯಿರಿ. ಆಮೇಲೆ ಹುಡುಕುವವರಿಗೂ ಅನುಕೂಲ. ಆದರೆ ಒಂದೇ ಪದಕ್ಕೆ ಅಂಟಿಕೊಳ್ಳಿ. ಒಮ್ಮೆ ‘ಲಿಫ್ಟ್’, ಇನ್ನೊಮ್ಮೆ ‘ಎಲಿವೇಟರ್’ ಅಂದರೆ ಮುಂದಿನ ವರ್ಷ ಹುಡುಕಿದಾಗ ಅರ್ಧ ಸಿಗುವುದಿಲ್ಲ. ‘ತುರ್ತು’ ಅನ್ನೋ ಪದವನ್ನು ನಿಜವಾದ ತುರ್ತಿಗೆ ಮಾತ್ರ ಇಟ್ಟುಕೊಳ್ಳಿ.

ನಿಮ್ಮ ಮೇಲ್ ಮತ್ತೆ ಕಳಿಸಿ, ಹೊಸದಾಗಿ. ‘ಲಿಫ್ಟ್ ಬಾಗಿಲು, ಬಿ ಬ್ಲಾಕ್: ಅರ್ಧಕ್ಕೇ ನಿಲ್ಲುತ್ತಿದೆ, ಯಾರಿಗೆ ಹೇಳಬೇಕು?’ ನಿಮ್ಮ ಬ್ಲಾಕ್ ಯಾವುದೋ ಅದನ್ನು ಹಾಕಿಕೊಳ್ಳಿ. ಬಾಗಿಲು ಸರಿಯಾದ ದಿನ ಅದೇ ಮೇಲ್‌ಗೆ ರಿಪ್ಲೈ ಮಾಡಿ, ಸಬ್ಜೆಕ್ಟಿನ ಮುಂದೆ ‘ಸರಿಯಾಯಿತು’ ಅಂತ ಒಂದು ಪದ ಸೇರಿಸಿ.