ಜಾಗೃತಿ ಮೂಡಿಸಿ ಆಯಿತು, ಮುಂದೇನು?

ನಮಸ್ಕಾರ.

ನಿಮ್ಮ ಪತ್ರ ಉದ್ದವಾಗಿತ್ತು, ಅದರಲ್ಲಿ ಸ್ವಲ್ಪ ಸಿಟ್ಟೂ ಇತ್ತು. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನೀವು ಸಮುದಾಯ ಆರೋಗ್ಯ ಸಮಿತಿಯೊಂದರ ಸದಸ್ಯರು. ಮುಂದಿನ ಆರೋಗ್ಯ ಯೋಜನೆಯ ಕರಡು ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಕ್ಕಳ ವಾಂತಿಭೇದಿ, ತಂಬಾಕು ಎಲ್ಲಕ್ಕೂ ಕರಡಿನಲ್ಲಿ ಒಂದೇ ಮದ್ದಿದೆ: ಜನರಲ್ಲಿ ಜಾಗೃತಿ ಮೂಡಿಸುವುದು. ಹಿಂದಿನ ಯೋಜನೆಯಲ್ಲೂ ಅದೇ ಇತ್ತು. "ಎಷ್ಟು ಹೇಳಿದರೂ ಜನ ಕೇಳುವುದಿಲ್ಲ. ಹಾಗಾದರೆ ಯೋಜನೆ ಯಾಕೆ ಬೇಕು?" ಎಂದು ಕೇಳಿದ್ದೀರಿ.

ಮೊದಲು ಒಂದು ಕೆಲಸ ಮಾಡಿ. ಕೆಂಪು ಪೆನ್ನು ಹಿಡಿದು, ಕರಡಿನಲ್ಲಿ 'ಜಾಗೃತಿ' ಇರುವ ಸಾಲುಗಳನ್ನೆಲ್ಲ ಹೊಡೆದುಹಾಕಿ. ಉಳಿದದ್ದು ನಿಮ್ಮ ನಿಜವಾದ ಯೋಜನೆ. ನೀವು ಕಳಿಸಿದ ಪ್ರತಿಯಲ್ಲಿ ನಾನು ಹೀಗೆ ಮಾಡಿ ನೋಡಿದೆ. ಮುನ್ನುಡಿ ಮತ್ತು ವಂದನಾರ್ಪಣೆ ಬಿಟ್ಟರೆ ಹೆಚ್ಚೇನೂ ಉಳಿಯಲಿಲ್ಲ!

ತಿಳಿವಳಿಕೆ ಬೇಡ ಎನ್ನುತ್ತಿಲ್ಲ. ಆದರೆ ಜನರಿಗೆ ಗೊತ್ತಿಲ್ಲ ಎನ್ನುವುದಕ್ಕಿಂತ ಗೊತ್ತಿದ್ದೂ ಮಾಡಲಾಗುತ್ತಿಲ್ಲ ಎನ್ನುವುದೇ ಜಾಸ್ತಿ. ಕೈ ತೊಳೆಯಿರಿ ಎಂದು ಹತ್ತು ಸಲ ಹೇಳಬಹುದು, ನಲ್ಲಿಯಲ್ಲಿ ನೀರೇ ಬರದಿದ್ದರೆ? ಅಲ್ಲಿ ಬದಲಾಗಬೇಕಾದದ್ದು ನೀರು ಕೊಡುವವರ ಕೆಲಸ, ತಾಯಂದಿರ ಬುದ್ಧಿಯಲ್ಲ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಫಿನ್‌ಲ್ಯಾಂಡಿನ ಉತ್ತರ ಕರೇಲಿಯಾ. ಅಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುತ್ತಿದ್ದ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನ ಸಾಲಿನಲ್ಲಿತ್ತು. 1971ರಲ್ಲಿ ಅಲ್ಲಿನ ಪ್ರತಿನಿಧಿಗಳೇ ಏನಾದರೂ ಮಾಡಿ ಎಂದು ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಪೆಕ್ಕ ಪುಸ್ಕ ಎಂಬ ಯುವ ವೈದ್ಯರ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಕರಪತ್ರ, ಸಭೆ, ಭಾಷಣ ಅಲ್ಲೂ ಇದ್ದವು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಸಾಸೇಜ್ ಎಂಬ ಮಾಂಸದ ತಿನಿಸಿನ ತಯಾರಕರನ್ನು ಕೂರಿಸಿಕೊಂಡು ಕೊಬ್ಬು, ಉಪ್ಪು ಕಡಿಮೆ ಮಾಡಿಸಿದರು. ಡೇರಿಗಳ ಜೊತೆ ಮಾತಾಡಿ ಕಡಿಮೆ ಕೊಬ್ಬಿನ ಹಾಲು ಅಂಗಡಿಗೆ ಬರುವಂತೆ ಮಾಡಿದರು. ಗೃಹಿಣಿಯರ ಸಂಘದವರು ಹಳೆಯ ಅಡುಗೆಗಳನ್ನೇ ತರಕಾರಿ ಸೇರಿಸಿ ಮಾಡಿ ಬಡಿಸಿದರು. ರಕ್ತದೊತ್ತಡ ನೋಡುವ ಕೆಲಸಕ್ಕೆ ನರ್ಸ್‌ಗಳನ್ನು ತಯಾರು ಮಾಡಿದರು. ಬೆಣ್ಣೆಗೆ ಬೇಡಿಕೆ ಕಡಿಮೆಯಾದರೆ ಹೈನುಗಾರರ ಗತಿ ಏನು ಎಂಬ ಪ್ರಶ್ನೆ ಬಂದೇ ಬಂತು. ಅದಕ್ಕೆ ಬೆರ್ರಿ ಹಣ್ಣು ಬೆಳೆಯಲು ನೆರವು ಕೊಡುವ ದಾರಿ ಹುಡುಕಿದರು. ನಷ್ಟ ಯಾರಿಗೆ ಆಗುತ್ತದೆ ಎಂದು ಯೋಚಿಸದ ಆರೋಗ್ಯ ಯೋಜನೆಗೆ ಮೊದಲ ದಿನವೇ ವಿರೋಧಿಗಳು ಹುಟ್ಟಿಕೊಳ್ಳುತ್ತಾರೆ. ಕೆಲವು ದಶಕಗಳಲ್ಲಿ ಅಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇಕಡಾ 80ಕ್ಕಿಂತ ಹೆಚ್ಚು ಇಳಿಯಿತು.

ನಿಮ್ಮ ಸಮಿತಿಯ ವೈದ್ಯರು 'ಅಪಾಯದಲ್ಲಿರುವವರನ್ನು ಮಾತ್ರ ಹುಡುಕಿ ಚಿಕಿತ್ಸೆ ಕೊಟ್ಟರೆ ಸಾಕು' ಎನ್ನುತ್ತಾರಂತೆ. ಅದು ಅರ್ಧ ಸರಿ. ಜನಸಮುದಾಯಗಳಲ್ಲಿ ಕಾಯಿಲೆ ಹೇಗೆ ಬರುತ್ತದೆ ಎಂದು ಅಧ್ಯಯನ ಮಾಡಿದ ಬ್ರಿಟನ್ನಿನ ವೈದ್ಯ ಜೆಫ್ರಿ ರೋಸ್ 1985ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ತುಂಬಾ ಅಪಾಯದಲ್ಲಿರುವ ಕೆಲವರಿಗಿಂತ, ಸ್ವಲ್ಪವೇ ಅಪಾಯದಲ್ಲಿರುವ ಬಹಳಷ್ಟು ಜನರಿಂದ ಒಟ್ಟು ಕಾಯಿಲೆ ಜಾಸ್ತಿ ಬರಬಹುದು. ಆ ಬಹಳಷ್ಟು ಜನ ನಿಮ್ಮ ತಪಾಸಣೆಯಲ್ಲಿ 'ಪರವಾಗಿಲ್ಲ' ಎನಿಸಿಕೊಂಡು ಮನೆಗೆ ಹೋಗುತ್ತಾರೆ. ಅವರನ್ನು ತಲುಪಬೇಕಾದರೆ ಎಲ್ಲರೂ ತಿನ್ನುವ ಉಪ್ಪು, ಎಲ್ಲರೂ ಉಸಿರಾಡುವ ಗಾಳಿ, ಎಲ್ಲರೂ ನಡೆಯುವ ದಾರಿ ಬದಲಾಗಬೇಕು. ಸ್ವಿಟ್ಜರ್‌ಲ್ಯಾಂಡ್ 1922ರಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸಲು ಶುರು ಮಾಡಿತು. ಅಯೋಡಿನ್ ಕೊರತೆಯಿಂದ ಕುತ್ತಿಗೆ ಊದುವ ಗಳಗಂಡದ ಬಗ್ಗೆ ಮನೆಮನೆಗೆ ಹೋಗಿ ಉಪದೇಶ ಮಾಡುವುದಕ್ಕಿಂತ ಎಷ್ಟು ಸುಲಭ, ಅಲ್ವಾ?

ಎಲ್ಲರಿಗೂ ಒಟ್ಟಿಗೆ ಮಾಡುವ ಕೆಲಸದಲ್ಲಿ ತಪ್ಪಿದರೆ ಪೆಟ್ಟೂ ಎಲ್ಲರಿಗೆ ಬೀಳುತ್ತದೆ. ಬಾಂಗ್ಲಾದೇಶದಲ್ಲಿ ಕೆರೆ, ಹೊಂಡಗಳ ನೀರಿನಿಂದ ಬರುವ ವಾಂತಿಭೇದಿ ತಪ್ಪಿಸಲು ಕೊಳವೆಬಾವಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊರೆದರು. ಉದ್ದೇಶ ಒಳ್ಳೆಯದೇ. ಆದರೆ ಆ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ. 1990ರ ದಶಕದಲ್ಲಿ ಗೊತ್ತಾಗುವಷ್ಟರಲ್ಲಿ ಕೋಟಿಗಟ್ಟಲೆ ಜನ ಅದನ್ನೇ ಕುಡಿಯುತ್ತಿದ್ದರು. ಆಮೇಲೆ ಒಂದೊಂದೇ ಬಾವಿ ಪರೀಕ್ಷಿಸಿ, ವಿಷ ಇದ್ದದ್ದಕ್ಕೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಹಾಗಾಗಿ ನಿಮ್ಮ ಯೋಜನೆಯ ಪ್ರತಿ ಕೆಲಸದ ಎದುರು ಇನ್ನೊಂದು ಕಾಲಂ ಇರಲಿ: ಇದರಿಂದ ಕೆಡುಕಾದರೆ ನಮಗೆ ಹೇಗೆ ಗೊತ್ತಾಗುತ್ತದೆ?

ಲೆಕ್ಕದ ವಿಷಯಕ್ಕೆ ಬರುತ್ತೇನೆ. ಎಷ್ಟು ಶಿಬಿರ ನಡೆಯಿತು, ಎಷ್ಟು ಜನ ಬಂದರು ಎಂಬ ಅಂಕಿ ನಿಮ್ಮ ವರದಿಯಲ್ಲಿ ಚೆನ್ನಾಗಿ ತುಂಬಿದೆ. ಅದು ಸಮಿತಿ ಮಾಡಿದ ಕೆಲಸದ ಲೆಕ್ಕ. ರಕ್ತದೊತ್ತಡ ಇದೆ ಎಂದು ಗೊತ್ತಾದವರಲ್ಲಿ ಎಷ್ಟು ಜನರದ್ದು ಈಗ 140/90ಕ್ಕಿಂತ ಕೆಳಗಿದೆ? ಇದೊಂದೇ ಅಂಕಿ ಸಾಕು, ಔಷಧಿ ಸರಿಯಾಗಿ ಸಿಗುತ್ತಿದೆಯೇ, ಜನ ಮತ್ತೆ ಬರುತ್ತಿದ್ದಾರೆಯೇ ಎಂಬುದೂ ಅದರಿಂದ ಹೊರಬರುತ್ತದೆ. ಶುರು ಮಾಡುವ ಮುಂಚೆಯೇ ಅದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಹೋಲಿಸಲು ಏನಾದರೂ ಬೇಕಲ್ಲ. ಸರಾಸರಿ ಒಂದನ್ನೇ ನಂಬಬೇಡಿ. ಒಟ್ಟಾರೆ ಸುಧಾರಿಸಿದಂತೆ ಕಂಡರೂ ಅತಿ ಬಡವರ ಸ್ಥಿತಿ ಇದ್ದಲ್ಲೇ ಇರಬಹುದು.

ಇನ್ನು, ಸಭೆಯಲ್ಲಿ ಜನ ಕಾಯಿಲೆಯ ಮಾತು ಬಿಟ್ಟು ಬೀದಿ ದೀಪ, ಬಸ್ಸು ಕೇಳಿದರು, ಅವು 'ವಿಷಯಕ್ಕೆ ಸಂಬಂಧವಿಲ್ಲ' ಎಂದು ಬಿಟ್ಟೆವು ಎಂದು ಬರೆದಿದ್ದೀರಿ. ಇಲ್ಲಿ ನಾನು ಜನರ ಪಕ್ಷ. ಕತ್ತಲಲ್ಲಿ ಹೆಂಗಸರು ಸಂಜೆ ನಡೆಯಲು ಹೋಗುವುದಿಲ್ಲ. ಬಸ್ಸಿಲ್ಲದಿದ್ದರೆ ಔಷಧಿ ಮುಗಿದವರು ಮತ್ತೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನವೊಂದರಲ್ಲಿ ಒಪ್ಪಿಕೊಂಡ 1986ರ ಒಟ್ಟಾವಾ ಸನ್ನದು ಆರೋಗ್ಯಕ್ಕೆ ಬೇಕಾದ ಮೂಲ ಸಂಗತಿಗಳಲ್ಲಿ ಶಾಂತಿ, ಸೂರು, ಶಿಕ್ಷಣ, ಆಹಾರ, ಆದಾಯವನ್ನೂ ಸೇರಿಸಿದೆ. ನಿಮ್ಮ ಜನ ಅದನ್ನು ಓದದೆಯೇ ಹೇಳಿದ್ದಾರೆ.

ಯೋಜನೆ ಒಂದು ವರ್ಷದ್ದೋ ಐದು ವರ್ಷದ್ದೋ ಎಂದೂ ಕೇಳಿದ್ದೀರಿ. ಎಲ್ಲಕ್ಕೂ ಒಂದೇ ಅವಧಿ ಬೇಡ. ನೀರು ಸರಿಯಾದರೆ ವಾಂತಿಭೇದಿ ಕೆಲವೇ ತಿಂಗಳಲ್ಲಿ ಇಳಿಯಬಹುದು. ಹೃದ್ರೋಗಕ್ಕೆ ವರ್ಷಗಳೇ ಬೇಕು. ಕೆಲಸ ಕಡಿಮೆ ಆರಿಸಿಕೊಳ್ಳಿ. ಪ್ರತಿಯೊಂದರ ಮುಂದೆ ಹೊಣೆ ಹೊತ್ತವರ ಹುದ್ದೆ ಬರೆಯಿರಿ. 'ಸಂಬಂಧಪಟ್ಟವರು' ಎಂದು ಬರೆದರೆ ಯಾರೂ ಮಾಡುವುದಿಲ್ಲ.

ತಿದ್ದಿದ ಕರಡು ಕಳಿಸಿ, ಓದುತ್ತೇನೆ. ಖರ್ಚಿನ ಪುಟವನ್ನೂ ಸೇರಿಸಿ. ಈ ಸಲ ಅದು ಇರಲೇ ಇಲ್ಲ.

– ಸಂಪಾದಕ